ವಿದ್ಯಾರ್ಥಿ ಆವೃತ್ತಿಯ ಲೈಸೆನ್ಸ್ ನೋಡುವುದು ಗುರುತಿನ ಚೀಟಿಯನ್ನೋ, ಕೆಲಸವನ್ನೋ?

(ಪದವಿ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳ ಅಧ್ಯಾಪಕರ ಕಾರ್ಯಾಗಾರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ವಾಣಿಜ್ಯ ವಿಭಾಗದವರು ಹೆಚ್ಚು ಎಂದು ಸಂಘಟಕರು ಹೇಳಿದರು. ಹಾಗಾದರೆ ಲೆಕ್ಕಪತ್ರ ಬರೆಯುವ ತಂತ್ರಾಂಶವಾದ ಟ್ಯಾಲಿಯಿಂದಲೇ ಶುರು ಮಾಡೋಣ. ಲೈಸೆನ್ಸ್ ಹಾಕದ ಟ್ಯಾಲಿಯನ್ನು ತೆರೆದರೆ ಅದು ಎಜುಕೇಷನಲ್ ಮೋಡ್‌ನಲ್ಲಿ ನಡೆಯುತ್ತದೆ. ಕಂಪನಿ ತೆರೆಯಬಹುದು, ಲೆಡ್ಜರ್ ಮಾಡಬಹುದು, ವೋಚರ್ ಹಾಕಬಹುದು, ಬ್ಯಾಲೆನ್ಸ್ ಶೀಟ್ ನೋಡಬಹುದು. ವೋಚರಿನ ತಾರೀಕು ಮಾತ್ರ 1, 2 ಅಥವಾ 31 ಆಗಿರಬೇಕು. ಮೇ 14ರ ಖರೀದಿಯನ್ನು ಮೇ 14ಕ್ಕೇ ಬರೆಯಲು ಹೊರಟರೆ ಅದು ಒಪ್ಪುವುದಿಲ್ಲ. ನೀವು ಕೊಟ್ಟ ಅಭ್ಯಾಸದ ಲೆಕ್ಕದಲ್ಲಿ ತಿಂಗಳುದ್ದಕ್ಕೂ ಹರಡಿಕೊಂಡಿದ್ದ ವ್ಯವಹಾರವೆಲ್ಲ ಲ್ಯಾಬಿನಲ್ಲಿ ಒಂದನೇ ತಾರೀಕಿಗೆ ಬಂದು ರಾಶಿ ಬೀಳುತ್ತದೆ. ಬಿ.ಕಾಂ. ಓದಿದ ಯಾರನ್ನು ಕೇಳಿದರೂ ಈ ಮೂರು ತಾರೀಕುಗಳನ್ನು ಬಾಯಿಪಾಠ ಹೇಳುತ್ತಾರೆ.

ಇದನ್ನು ಕಿರಿಕಿರಿ ಎಂದು ನೋಡುವವರೇ ಹೆಚ್ಚು. ನನಗೆ ಇದು ಬಹಳ ಜಾಣತನದ ಏರ್ಪಾಡು ಎನ್ನಿಸುತ್ತದೆ. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ, ಇವತ್ತು ಬೆಂಗಳೂರಿನಿಂದ ನಡೆಯುತ್ತಿರುವ ಈ ಕಂಪನಿ ನಿಮ್ಮ ಕಾಲೇಜಿನ ಗುರುತಿನ ಚೀಟಿ ಕೇಳುವುದಿಲ್ಲ, ಪ್ರಾಂಶುಪಾಲರ ಪತ್ರ ಕೇಳುವುದಿಲ್ಲ. ಐವತ್ತು ದಾಟಿದ ಅಂಗಡಿಯವರೊಬ್ಬರು ಮನೆಯಲ್ಲಿ ಕೂತು ಕಲಿಯುತ್ತೇನೆ ಎಂದರೂ ಅಡ್ಡಿಯಿಲ್ಲ. ಆದರೆ ಅದೇ ಅಂಗಡಿಯ ದಿನದ ಲೆಕ್ಕವನ್ನು ಅದರಲ್ಲಿ ಇಡಲಾಗದು. ಕಲಿಯುವ ಕೆಲಸಕ್ಕೆ ಮೂರು ತಾರೀಕು ಸಾಕು, ದುಡಿಯುವ ಕೆಲಸಕ್ಕೆ ಸಾಲದು. ಬೇಲಿ ಇರುವುದು ಕೆಲಸಕ್ಕೆ. ಕೂತವರು ಯಾರು ಎಂಬುದು ಅದಕ್ಕೆ ಬೇಡದ ವಿಷಯ.

ಇವತ್ತು ನಾನು ಹೇಳಬೇಕಾದದ್ದು ಬಹುಮಟ್ಟಿಗೆ ಇಷ್ಟೇ. ವಿದ್ಯಾರ್ಥಿ ಆವೃತ್ತಿ, ಶಿಕ್ಷಕರ ಆವೃತ್ತಿ ಎಂಬ ಹೆಸರು ಕೇಳಿದ ಕೂಡಲೇ ನಾವು 'ನಾನು ಶಿಕ್ಷಕ, ನನಗೆ ಹಕ್ಕಿದೆ' ಎಂದುಕೊಳ್ಳುತ್ತೇವೆ. ಒಪ್ಪಂದದ ಒಳಗೆ ಹೋಗಿ ನೋಡಿದರೆ ಬಹುತೇಕ ಕಂಪನಿಗಳು ರಿಯಾಯಿತಿ ಕೊಟ್ಟಿರುವುದು ಒಂದು ಬಗೆಯ ಕೆಲಸಕ್ಕೆ. ವಿದ್ಯಾರ್ಥಿಯ ಬಸ್ ಪಾಸ್ ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ ನಡೆಯುತ್ತದಲ್ಲ, ಹಾಗೆ. ಪಾಸ್ ಕೈಯಲ್ಲಿದೆ ಎಂದು ಧರ್ಮಸ್ಥಳದ ಬಸ್ ಹತ್ತಿದರೆ ಕಂಡಕ್ಟರ್ ಟಿಕೆಟ್ ಕೇಳಿಯೇ ಕೇಳುತ್ತಾರೆ.

ಮೈಕ್ರೋಸಾಫ್ಟ್ ಆಫೀಸಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಆಫೀಸ್ 2003ರಲ್ಲಿ 'ಸ್ಟೂಡೆಂಟ್ ಅಂಡ್ ಟೀಚರ್ ಎಡಿಷನ್' ಎಂಬ ಪೆಟ್ಟಿಗೆ ಇತ್ತು. ಮನೆಯಲ್ಲಿ ಒಬ್ಬ ವಿದ್ಯಾರ್ಥಿಯೋ ಶಿಕ್ಷಕರೋ ಇದ್ದರೆ ಕೊಳ್ಳಬಹುದಾಗಿತ್ತು, ಮೂರು ಕಂಪ್ಯೂಟರುಗಳಿಗೆ ಹಾಕಿಕೊಳ್ಳಬಹುದಾಗಿತ್ತು. ಆದರೆ ದುಡಿಮೆಯ ಕೆಲಸಕ್ಕೆ ಬಳಸುವಂತಿರಲಿಲ್ಲ. ಆಫೀಸ್ 2007 ಬರುವಾಗ ಅದರ ಹೆಸರು 'ಹೋಮ್ ಅಂಡ್ ಸ್ಟೂಡೆಂಟ್' ಆಯಿತು. ಆಗ ಕಂಪನಿ ಏನನ್ನು ಬಿಟ್ಟಿತು, ಏನನ್ನು ಉಳಿಸಿಕೊಂಡಿತು ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ವಿದ್ಯಾರ್ಥಿಯೋ ಶಿಕ್ಷಕರೋ ಇರಲೇಬೇಕೆಂಬ ನಿಯಮವನ್ನು ಬಿಟ್ಟಿತು. ಯಾರು ಬೇಕಾದರೂ ಕೊಳ್ಳಬಹುದಾಯಿತು. ವಾಣಿಜ್ಯ ಕೆಲಸಕ್ಕೆ, ಆದಾಯ ತರುವ ಕೆಲಸಕ್ಕೆ, ಲಾಭರಹಿತ ಸಂಸ್ಥೆಯ ಕೆಲಸಕ್ಕೂ ಬಳಸಬಾರದೆಂಬ ನಿಯಮ ಮಾತ್ರ ಗಟ್ಟಿಯಾಗಿ ಉಳಿಯಿತು. ಅಂದರೆ ಕಂಪನಿಗೆ ಮೊದಲಿನಿಂದಲೂ ಕಾಯಬೇಕಾಗಿದ್ದ ಗಡಿ ಯಾವುದೆಂದು ಅದೇ ಹೇಳಿದಂತಾಯಿತು. ಮನೆಗೆಂದು ತಂದ ಆ ಆವೃತ್ತಿಯಲ್ಲಿ ಸಂಘದ ಲೆಕ್ಕಪತ್ರ ಬರೆದುಕೊಟ್ಟ ಮೇಷ್ಟ್ರುಗಳು ನಮ್ಮಲ್ಲಿ ಎಷ್ಟಿಲ್ಲ! ಸೇವೆಯ ಕೆಲಸವಲ್ಲವೇ ಎನ್ನುತ್ತೀರಿ. ಒಪ್ಪಂದ ಅದನ್ನೂ ಹೊರಗಿಟ್ಟಿತ್ತು.

ಒಂದೇ ಸರಕಿಗೆ ಎರಡು ಬೆಲೆ ಏಕೆ ಎಂಬ ಪ್ರಶ್ನೆ ಬರುತ್ತದೆ. ತಂತ್ರಾಂಶ ಬರೆಯಲು ಖರ್ಚು ಬಹಳ, ಬರೆದ ಮೇಲೆ ಇನ್ನೊಂದು ಪ್ರತಿ ತೆಗೆಯಲು ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕೊಡಬಲ್ಲವರಿಂದ ಹೆಚ್ಚು, ಕೊಡಲಾರದವರಿಂದ ಕಡಿಮೆ ತೆಗೆದುಕೊಂಡರೂ ಮಾರುವವರಿಗೆ ಲಾಭವೇ. ಮೇಲಾಗಿ ಓದುವಾಗ ಯಾವುದರಲ್ಲಿ ಕೈ ಪಳಗಿತೋ ಕೆಲಸಕ್ಕೆ ಸೇರಿದ ಮೇಲೆ ಅದನ್ನೇ ಬೇಡುತ್ತಾರೆ. ಇದರಲ್ಲಿ ದಾನಧರ್ಮದ ಪಾಲು ಎಷ್ಟಿದೆಯೋ ವ್ಯಾಪಾರದ ಪಾಲು ಅದಕ್ಕಿಂತ ಕಡಿಮೆಯಂತೂ ಇಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಕಣ್ಣು ತೆರೆದು ತೆಗೆದುಕೊಳ್ಳಬೇಕು ಅಷ್ಟೇ.

ಆದರೆ ಎರಡು ಬೆಲೆಯ ಏರ್ಪಾಡು ನಿಲ್ಲಬೇಕಾದರೆ ಕಡಿಮೆ ಬೆಲೆಯ ಪ್ರತಿ ಹೆಚ್ಚಿನ ಬೆಲೆಯ ಕಡೆಗೆ ಹರಿಯಬಾರದು. ಅಮೆರಿಕದ ಕೋರ್ಟುಗಳು ಈ ಮಾತನ್ನು ನೇರವಾಗಿ ಎದುರಿಸಿವೆ. ಪ್ರೋಸಿಡಿ ಎಂಬ ಕಂಪನಿ ಮೂರು ಸಾವಿರಕ್ಕೂ ಹೆಚ್ಚು ಟೆಲಿಫೋನ್ ಡೈರೆಕ್ಟರಿಗಳನ್ನು ಒಟ್ಟುಗೂಡಿಸಿ ಸಿಡಿಯಲ್ಲಿ ಮಾರುತ್ತಿತ್ತು. ಮನೆಬಳಕೆಗೆ ಸುಮಾರು 150 ಡಾಲರ್, ವ್ಯಾಪಾರಿಗಳಿಗೆ ಅದಕ್ಕಿಂತ ಹೆಚ್ಚು. ವಿಸ್ಕಾನ್ಸಿನ್ನಿನ ಮ್ಯಾಥ್ಯೂ ಝೈಡನ್‌ಬರ್ಗ್ ಮನೆಬಳಕೆಯ ಸಿಡಿ ಕೊಂಡು ಅದರೊಳಗಿನ ಮಾಹಿತಿಯನ್ನು ಅಂತರಜಾಲದಲ್ಲಿ ಅಗ್ಗಕ್ಕೆ ಮಾರತೊಡಗಿದರು. ಪೆಟ್ಟಿಗೆಯ ಒಳಗಿದ್ದ ಒಪ್ಪಂದ ತನ್ನನ್ನು ಕಟ್ಟಿಹಾಕುವುದಿಲ್ಲ ಎಂಬುದು ಅವರ ವಾದವಾಗಿತ್ತು. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು. ನ್ಯಾಯಾಧೀಶ ಈಸ್ಟರ್‌ಬ್ರೂಕ್ ಕೊಟ್ಟ ಕಾರಣ ಕುತೂಹಲಕರ: ಈ ಬೇಲಿ ಮುರಿದರೆ ಕಂಪನಿ ಎಲ್ಲರಿಗೂ ಒಂದೇ ಬೆಲೆ ಇಡುತ್ತದೆ, ಆಗ ಏಟು ಬೀಳುವುದು ಮನೆಯಲ್ಲಿ ಬಳಸುವವರಿಗೇ. ಫೋಟೋಶಾಪ್ ತಯಾರಿಸುವ ಅಡೋಬಿ ಕಂಪನಿಯ, 2000ದಲ್ಲಿ ತೀರ್ಪು ಬಂದ ಮೊಕದ್ದಮೆಯಲ್ಲಿ ವನ್ ಸ್ಟಾಪ್ ಮೈಕ್ರೋ ಎಂಬ ಮಾರಾಟಗಾರರು ಶೈಕ್ಷಣಿಕ ಆವೃತ್ತಿಯ ಪೆಟ್ಟಿಗೆಗಳನ್ನು ತಂದು, ಅವುಗಳ ಮೇಲಿನ ಶೈಕ್ಷಣಿಕ ಗುರುತನ್ನು ಕಾಣದಂತೆ ಮಾಡಿ, ಪೂರ್ಣ ಆವೃತ್ತಿಯೆಂದು ಮಾರಿದ್ದರು. ಅಲ್ಲೂ ಕಂಪನಿಯೇ ಗೆದ್ದಿತು.

ಈಗ ಇಂಜಿನಿಯರಿಂಗ್ ಕಡೆಗೆ ಬರೋಣ, ಏಕೆಂದರೆ ಪೇಚಾಟ ಹೆಚ್ಚಿರುವುದು ಅಲ್ಲೇ. ನಕ್ಷೆ ಬರೆಯಲು ಆಟೋಡೆಸ್ಕ್ ಕಂಪನಿ ತಯಾರಿಸುವ ಆಟೋಕ್ಯಾಡ್‌ನ ಹಳೆಯ ವಿದ್ಯಾರ್ಥಿ ಆವೃತ್ತಿಯಲ್ಲಿ ನಕ್ಷೆ ಬರೆದು ಪ್ರಿಂಟ್ ತೆಗೆದರೆ ಹಾಳೆಯ ನಾಲ್ಕೂ ಅಂಚಿನಲ್ಲಿ, ಇದು ಆಟೋಡೆಸ್ಕ್ ಶೈಕ್ಷಣಿಕ ಉತ್ಪನ್ನದಿಂದ ತಯಾರಾದದ್ದು ಎಂಬ ಇಂಗ್ಲಿಷ್ ಸಾಲು ದೊಡ್ಡಕ್ಷರದಲ್ಲಿ ಬೀಳುತ್ತಿತ್ತು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಆ ಗುರುತು ಫೈಲಿನೊಳಗೇ ಕೂತಿರುತ್ತಿತ್ತು. ವಿದ್ಯಾರ್ಥಿ ಬರೆದ ಒಂದು ಬಾಗಿಲಿನ ಬ್ಲಾಕನ್ನು (ಮತ್ತೆ ಮತ್ತೆ ಬಳಸಲು ಮಾಡಿಟ್ಟ ಸಿದ್ಧ ಚಿತ್ರವನ್ನು) ಕಚೇರಿಯವರು ತಮ್ಮ ನಕ್ಷೆಗೆ ಎಳೆದುಕೊಂಡರೆ ಆ ಇಡೀ ನಕ್ಷೆಗೆ ಗುರುತು ಅಂಟುತ್ತಿತ್ತು. ಹಣ ಕೊಟ್ಟು ಕೊಂಡ ಆಟೋಕ್ಯಾಡ್‌ನಲ್ಲೇ ಪ್ರಿಂಟ್ ತೆಗೆದರೂ ಅಂಚಿನಲ್ಲಿ ಅದೇ ಸಾಲು. ಪುರಸಭೆಗೆ ಕೊಡಬೇಕಾದ ಮನೆಯ ನಕ್ಷೆಯಲ್ಲಿ ಅದು ಬಂದರೆ ಇಂಜಿನಿಯರ್ ಸಾಹೇಬರ ಮುಖ ಹೇಗಿರುತ್ತದೆ, ನೀವೇ ಊಹಿಸಿ. ಯಾವ ಬ್ಲಾಕಿನಿಂದ ಅಂಟಿತು ಎಂದು ಹುಡುಕಲು ಅರ್ಧ ದಿನ ಹೋಗುತ್ತಿತ್ತು.

2019ರ ಆವೃತ್ತಿಯಿಂದ ಆಟೋಡೆಸ್ಕ್ ಈ ಮುದ್ರೆಯನ್ನು ಕೈಬಿಟ್ಟಿತು. ಗೊಂದಲ ಶುರುವಾದದ್ದು ಅಲ್ಲಿಂದ. ಮುದ್ರೆ ಹೋಯಿತು ಎಂದರೆ ನಿಯಮವೂ ಹೋಯಿತು ಎಂದು ಬಹಳ ಮಂದಿ ತಿಳಿದರು. ನಿಯಮ ಹಾಗೆಯೇ ಇದೆ: ಶೈಕ್ಷಣಿಕ ಲೈಸೆನ್ಸನ್ನು ವಾಣಿಜ್ಯದ, ವೃತ್ತಿಯ, ಲಾಭದ ಕೆಲಸಕ್ಕೆ ಬಳಸುವಂತಿಲ್ಲ. ಬೇಲಿ ತಂತ್ರಾಂಶದ ಒಳಗಿನಿಂದ ಕಾಗದಕ್ಕೆ ಸ್ಥಳಾಂತರವಾಯಿತು. ಕಾಗದದ ಬೇಲಿ ಕಣ್ಣಿಗೆ ಕಾಣದು, ಅಪಾಯ ಹೆಚ್ಚಿರುವುದೂ ಅದರಲ್ಲೇ. ಟ್ಯಾಲಿ ನಿಮ್ಮನ್ನು ತಪ್ಪು ಮಾಡಲು ಬಿಡುವುದೇ ಇಲ್ಲ. ಇದು ಬಿಡುತ್ತದೆ.

ಅತಿ ಹೆಚ್ಚು ತಪ್ಪು ಆಗುವುದು ಇಂಟರ್ನ್‌ಶಿಪ್‌ನಲ್ಲಿ. ಹುಡುಗಿಯೊಬ್ಬಳು ಸಿವಿಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿ ನಕ್ಷೆ ಬರೆಯುವ ಕಚೇರಿಗೆ ಸೇರುತ್ತಾಳೆ. 'ಲ್ಯಾಪ್‌ಟಾಪ್ ನೀನೇ ತಾ' ಎನ್ನುತ್ತಾರೆ. ಅವಳ ಲ್ಯಾಪ್‌ಟಾಪಿನಲ್ಲಿ ಕಾಲೇಜಿನ ಇಮೇಲ್‌ನಿಂದ ಪಡೆದ ಉಚಿತ ಆಟೋಕ್ಯಾಡ್ ಇದೆ. ಅದರಲ್ಲಿ ಗಿರಾಕಿಗಳ ಮನೆಯ ನಕ್ಷೆ ಬರೆಸಿಕೊಳ್ಳುತ್ತಾರೆ. ಅವಳು ವಿದ್ಯಾರ್ಥಿನಿ ಹೌದು, ಕಲಿಯುತ್ತಿರುವುದೂ ಹೌದು, ಆದರೆ ಆ ನಕ್ಷೆಗೆ ಗಿರಾಕಿ ಹಣ ಕೊಡುತ್ತಿದ್ದಾನೆ. ಅದು ವಾಣಿಜ್ಯದ ಕೆಲಸ. ಒಂದು ಲೈಸೆನ್ಸಿನ ದುಡ್ಡು ಉಳಿಸಿದವರು ಕಚೇರಿಯವರು, ಒಪ್ಪಂದ ಮುರಿದ ಖಾತೆ ಇರುವುದು ಹುಡುಗಿಯ ಹೆಸರಿನಲ್ಲಿ. ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕುವ ಮೊದಲು, 'ತಂತ್ರಾಂಶ ನಿಮ್ಮದೇ ಕೊಡುತ್ತೀರಾ' ಎಂದು ಕೇಳುವ ಹೊಣೆ ನಮ್ಮ ಪ್ಲೇಸ್‌ಮೆಂಟ್ ಅಧಿಕಾರಿಗಳದ್ದು. ಹದಿನೆಂಟು ದಾಟಿದ ಮಗುವಿನ ತಲೆಗೆ ಇದನ್ನು ಕಟ್ಟಬಾರದು.

ಎಲ್ಲ ಕಂಪನಿಗಳೂ ಹೀಗೇ ಎಂದು ಮಾತ್ರ ತಿಳಿಯಬೇಡಿ. ಅಡೋಬಿಯ ವಿದ್ಯಾರ್ಥಿ ಮತ್ತು ಶಿಕ್ಷಕ ಆವೃತ್ತಿಯಲ್ಲಿ ಹಣಕ್ಕಾಗಿಯೂ ಕೆಲಸ ಮಾಡಬಹುದು. ಕಂಪನಿಯೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಚಿತ್ರಕಲಾ ಶಾಲೆಯ ಹುಡುಗ ಫೋಟೋಶಾಪ್‌ನಲ್ಲಿ ಮದುವೆಯ ಆಲ್ಬಮ್ ಮಾಡಿ ದುಡ್ಡು ಪಡೆದರೆ ಅಡ್ಡಿಯಿಲ್ಲ. ಅಲ್ಲಿ ಗುರುತಿನ ಚೀಟಿಯೇ ಮುಖ್ಯ: ನೀವು ವಿದ್ಯಾರ್ಥಿಯೋ ಶಿಕ್ಷಕರೋ ಆಗಿರಬೇಕು, ಸಾಬೀತು ಮಾಡಬೇಕು, ಇನ್ನೊಬ್ಬರಿಗೆ ಮಾರಬಾರದು. ಗಣಿತದ, ಇಂಜಿನಿಯರಿಂಗಿನ ಲೆಕ್ಕಕ್ಕೆ ಬಳಸುವ ಮ್ಯಾಟ್‌ಲ್ಯಾಬ್ ಇನ್ನೊಂದು ತುದಿ. ಅದರ ವಿದ್ಯಾರ್ಥಿ ಲೈಸೆನ್ಸ್, ಪದವಿ ನೀಡುವ ಸಂಸ್ಥೆಯ ವಿದ್ಯಾರ್ಥಿಯು ತನ್ನ ಸ್ವಂತ ಕಂಪ್ಯೂಟರಿನಲ್ಲಿ ಪಾಠದ ಮತ್ತು ಶೈಕ್ಷಣಿಕ ಸಂಶೋಧನೆಯ ಕೆಲಸಕ್ಕೆ ಬಳಸುವಂಥದ್ದು. 'ಸ್ವಂತ' ಎಂಬುದನ್ನು ಅಡಿಗೆರೆ ಎಳೆದು ಓದಬೇಕು. ವಿದ್ಯಾರ್ಥಿ ಲೈಸೆನ್ಸುಗಳನ್ನು ಒಟ್ಟಿಗೆ ಕೊಂಡು ಕಾಲೇಜಿನ ಲ್ಯಾಬಿಗೆ ಹಾಕಿಬಿಡುವ ಉಪಾಯ ಅಲ್ಲಿ ನಡೆಯುವುದಿಲ್ಲ. ಪ್ರೋಗ್ರಾಮ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ವಿಷುವಲ್ ಸ್ಟುಡಿಯೋ ಕಮ್ಯುನಿಟಿ ಇವೆರಡರ ನಡುವಿನದು: ತರಗತಿಗೆ, ಶೈಕ್ಷಣಿಕ ಸಂಶೋಧನೆಗೆ ಎಷ್ಟು ಜನ ಬೇಕಾದರೂ ಬಳಸಬಹುದು, ಒಬ್ಬಂಟಿಯಾಗಿ ಆ್ಯಪ್ ಮಾಡಿ ಮಾರಿದರೂ ಸರಿ. ದೊಡ್ಡ ಕಂಪನಿಯೆಂದರೆ, ಅಂದರೆ 250 ಕಂಪ್ಯೂಟರ್ ಅಥವಾ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಆದಾಯ ದಾಟಿದರೆ, ಅಲ್ಲಿ ಬಾಗಿಲು ಮುಚ್ಚುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಬಂದಾಗಿನಿಂದ ಕಂಪ್ಯೂಟರ್ ಪ್ರೋಗ್ರಾಮ್ ಎಂದರೆ ಕಾನೂನಿನ ಕಣ್ಣಿನಲ್ಲಿ ಸಾಹಿತ್ಯ ಕೃತಿ. ಪ್ರತಿಯನ್ನು ನ್ಯಾಯವಾಗಿ ಪಡೆದವರು ಏನೆಲ್ಲ ಮಾಡಬಹುದು ಎಂಬುದು 52ನೇ ಕಲಮಿನಲ್ಲಿದೆ. ಅಲ್ಲಿ ಬರುವ ಷರತ್ತು ನನ್ನ ಮಾತಿಗೆ ಹತ್ತಿರವಾದದ್ದು: ಪ್ರೋಗ್ರಾಮನ್ನು ಯಾವ ಉದ್ದೇಶಕ್ಕೆ ಒದಗಿಸಲಾಯಿತೋ ಆ ಉದ್ದೇಶಕ್ಕೆ ಬಳಸಲು ಪ್ರತಿ ಮಾಡಿಕೊಳ್ಳಬಹುದು, ಅದೇ ಉದ್ದೇಶಕ್ಕಾಗಿ ಬ್ಯಾಕಪ್ ಇಡಬಹುದು. ಕಾಯ್ದೆಯೂ ಉದ್ದೇಶವನ್ನೇ ಕೇಳುತ್ತದೆ ನೋಡಿ. ಕಳ್ಳಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏನಾಗುತ್ತದೆ ಎಂಬುದು 63ಬಿ ಕಲಮಿನಲ್ಲಿದೆ: ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿರದಿದ್ದರೆ ನ್ಯಾಯಾಲಯ ಜೈಲನ್ನು ಬಿಟ್ಟು ಐವತ್ತು ಸಾವಿರದೊಳಗಿನ ದಂಡಕ್ಕೆ ನಿಲ್ಲಿಸಬಹುದು. ಇಲ್ಲಿಯೂ ತೂಕ ಬಿದ್ದಿರುವುದು ಕೆಲಸ ಯಾವುದು ಎಂಬುದರ ಮೇಲೆ. ನ್ಯಾಯವಾಗಿ ಪಡೆದ ವಿದ್ಯಾರ್ಥಿ ಪ್ರತಿಯನ್ನು ಬೇರೆ ಕೆಲಸಕ್ಕೆ ಬಳಸುವುದೂ ಕಳ್ಳಪ್ರತಿ ಬಳಸುವುದೂ ಒಂದೇ ಅಲ್ಲ. ಮೊದಲನೆಯದು ಮೊದಲಿಗೆ ಒಪ್ಪಂದದ ಜಗಳ. ಹೆದರಿಸಲು ಬಂದವರು ಎರಡನ್ನೂ ಬೆರೆಸಿ ಹೇಳುತ್ತಾರೆ, ಎಚ್ಚರವಿರಲಿ.

ಅಧ್ಯಾಪಕರು ಆಗಾಗ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಮೊಕದ್ದಮೆಯನ್ನು ನೆನಪಿಸುತ್ತಾರೆ. ಪಾಠದ ಸಂದರ್ಭದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಪುಸ್ತಕದ ಪುಟಗಳ ಪ್ರತಿ ತೆಗೆಯುವುದನ್ನು 2016ರಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು, ಪ್ರಕಾಶಕರು ಮರುವರ್ಷ ದಾವೆ ಹಿಂದಕ್ಕೆ ಪಡೆದರು. ಅದು ದೊಡ್ಡ ಗೆಲುವೇ. ಆದರೆ ಅಲ್ಲಿ ತಂತ್ರಾಂಶದ ಪ್ರಶ್ನೆಯೇ ಇರಲಿಲ್ಲ. ಆ ತೀರ್ಪನ್ನು ಲ್ಯಾಬಿನ ಅರವತ್ತು ಕಂಪ್ಯೂಟರುಗಳ ಮೇಲೆ ಹೊದಿಸಲು ಹೋಗಬೇಡಿ.

ನಾವು ಕೊಂಡದ್ದು ಏನು ಎಂಬುದಕ್ಕೆ ಬೆಂಗಳೂರಿನದೇ ಒಂದು ಮೊಕದ್ದಮೆ ಇದೆ. ವಿದೇಶಿ ತಂತ್ರಾಂಶಕ್ಕೆ ಕೊಟ್ಟ ಹಣ ರಾಯಧನವೋ ಸರಕಿನ ಬೆಲೆಯೋ ಎಂಬ ತೆರಿಗೆಯ ಜಗಳ ಅದು. ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಮಾರ್ಚಿನಲ್ಲಿ ಗೆದ್ದಿತು. ತೆರಿಗೆಯ ಮಾತು ಬಿಡಿ. ಬಳಸುವವರಿಗೆ ಸಿಗುವುದು ಬಳಕೆಯ ಅವಕಾಶ ಮಾತ್ರ, ಕೃತಿಸ್ವಾಮ್ಯದ ಯಾವ ಪಾಲೂ ಅಲ್ಲ ಎಂದು ಕೋರ್ಟ್ ಬಿಡಿಸಿ ಹೇಳಿದ್ದು ನಮಗೆ ಬೇಕಾದ ಭಾಗ.

ಉಚಿತ ಎಂಬುದರ ಇನ್ನೊಂದು ಮಗ್ಗುಲು ಇದೆ. ಕೊಟ್ಟವರು ಷರತ್ತು ಬದಲಿಸಬಹುದು. ಆಟೋಡೆಸ್ಕ್ ಮೂರು ವರ್ಷಕ್ಕೆ ಕೊಡುತ್ತಿದ್ದ ವಿದ್ಯಾರ್ಥಿ ಲೈಸೆನ್ಸನ್ನು 2020ರಲ್ಲಿ ಒಂದು ವರ್ಷಕ್ಕೆ ಇಳಿಸಿತು. ಪ್ರತಿ ವರ್ಷ ಓದುತ್ತಿದ್ದೇನೆ ಎಂದು ಮತ್ತೆ ಸಾಬೀತು ಮಾಡಬೇಕು. ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹ ಕೊಡುತ್ತಿತ್ತು. ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂದು 2021ರಲ್ಲಿ ಘೋಷಿಸಿ, ಹಳೆಯ ಬಳಕೆದಾರರಿಗೆ 2022ರ ಜುಲೈಯಿಂದ ಜಾರಿಗೆ ತಂದಿತು. ಯಾವುದೇ ಒಂದು ಕಂಪನಿಯ ಹೆಸರನ್ನು ಪಠ್ಯಕ್ರಮದಲ್ಲಿ ಬರೆಯುವಾಗ ಇದನ್ನು ನೆನಪಿಡಬೇಕು. 'ಕಂಪ್ಯೂಟರ್ ನೆರವಿನ ಡ್ರಾಯಿಂಗ್' ಎಂದು ಬರೆದರೆ ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ನಂಥ ಮುಕ್ತ ತಂತ್ರಾಂಶಗಳಿಗೂ ಜಾಗ ಇರುತ್ತದೆ. ಕಂಪನಿಯ ಹೆಸರು ಬರೆದರೆ ಆ ಕಂಪನಿಯ ಷರತ್ತೂ ಪಠ್ಯಕ್ರಮದೊಳಗೆ ಬಂದು ಕೂರುತ್ತದೆ. ಕೇರಳ ತನ್ನ ಶಾಲೆಗಳ ಕಂಪ್ಯೂಟರುಗಳನ್ನು ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಮುಕ್ತ ತಂತ್ರಾಂಶಕ್ಕೆ ತಂದಿತು. ನಮ್ಮಲ್ಲಿಯೂ ಶಿಕ್ಷಕರ ತರಬೇತಿಯಲ್ಲಿ ಆ ದಾರಿ ಹಿಡಿದ ಕೆಲಸಗಳು ನಡೆದಿವೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆ ಅಂಥದ್ದೇ ಒಂದು. ಅದು ಪಿಯು, ಪದವಿ ಹಂತಕ್ಕೆ ಇನ್ನಷ್ಟು ಗಟ್ಟಿಯಾಗಿ ಬರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಪ್ರಶ್ನೆಗಳು.

'ನಾನು ಸಂಜೆ ಟ್ಯೂಷನ್ ನಡೆಸುತ್ತೇನೆ. ನಾನೂ ಶಿಕ್ಷಕನೇ ಅಲ್ಲವೇ?' ಎಂದು ಒಬ್ಬರು ಕೇಳಿದರು. ನೀವು ಶಿಕ್ಷಕರೇ, ಸರ್. ಆದರೆ ಒಪ್ಪಂದಗಳು ಸಾಮಾನ್ಯವಾಗಿ ಕೇಳುವುದು ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಯನ್ನು. ಟ್ಯೂಷನ್, ಕೋಚಿಂಗ್, ಊರ ಬಸ್ ನಿಲ್ದಾಣದ ಮೇಲ್ಮಹಡಿಯ ಕ್ಯಾಡ್ ತರಬೇತಿ ಕೇಂದ್ರ ಇವೆಲ್ಲ ಬಹುತೇಕ ಅದರ ಹೊರಗೆ ಉಳಿಯುತ್ತವೆ. ತರಬೇತಿ ಕೇಂದ್ರಗಳಿಗೆ ಕಂಪನಿಗಳು ಬೇರೆಯೇ ಅಧಿಕೃತ ಏರ್ಪಾಡು ಇಟ್ಟಿವೆ. ಗಣಿತ ಮೇಷ್ಟ್ರುಗಳ ಮೆಚ್ಚಿನ ಜಿಯೋಜೀಬ್ರಾ ಕೂಡ ಉಚಿತವಾಗಿರುವುದು ವಾಣಿಜ್ಯವಲ್ಲದ ಬಳಕೆಗೆ. ಅದರ ಚಿತ್ರಗಳನ್ನು ಹಾಕಿ ಗೈಡ್ ಅಚ್ಚು ಮಾಡಿಸಿ ಮಾರುವ ಯೋಚನೆ ಇದ್ದರೆ ಮೊದಲು ಅವರನ್ನು ಕೇಳಿ.

'ನಮ್ಮ ವಿಭಾಗ ಹೊರಗಿನವರಿಗೆ ಕನ್ಸಲ್ಟೆನ್ಸಿ ಮಾಡುತ್ತದೆ, ಹಣ ಕಾಲೇಜಿಗೇ ಹೋಗುತ್ತದೆ, ಯಾರ ಜೇಬಿಗೂ ಅಲ್ಲ' ಎಂದು ಸಿವಿಲ್ ವಿಭಾಗದ ಮೇಡಂ ಒಬ್ಬರು ಹೇಳಿದರು. ಕಟ್ಟಡ ಗಟ್ಟಿಯಾಗಿದೆ ಎಂದು ಪ್ರಮಾಣಪತ್ರ ಕೊಡುವಾಗ ಅದರ ಲೆಕ್ಕವನ್ನು ಶೈಕ್ಷಣಿಕ ಆವೃತ್ತಿಯಲ್ಲಿ ಹಾಕಿದ್ದರೆ ಅದು ಪಾಠದ ಕೆಲಸವಲ್ಲ. ಹಣ ಎಲ್ಲಿಗೆ ಹೋಯಿತು ಎಂದು ಒಪ್ಪಂದ ಕೇಳುವುದಿಲ್ಲ, ಕೆಲಸ ಯಾರಿಗಾಗಿ ಆಯಿತು ಎಂದು ಕೇಳುತ್ತದೆ. ಇಂಥ ಲೆಕ್ಕ ಹಾಕುವ ಅನ್ಸಿಸ್ ತಂತ್ರಾಂಶದ ಉಚಿತ ವಿದ್ಯಾರ್ಥಿ ಆವೃತ್ತಿಯಲ್ಲಾದರೆ ಲೆಕ್ಕದ ಗಾತ್ರಕ್ಕೇ ಮಿತಿ ಇದೆ, ದೊಡ್ಡ ಮಾದರಿ ಓಡುವುದಿಲ್ಲ. ಕನ್ಸಲ್ಟೆನ್ಸಿಯ ಬಿಲ್ಲಿನಲ್ಲಿ ಒಂದು ವಾಣಿಜ್ಯ ಲೈಸೆನ್ಸಿನ ಖರ್ಚನ್ನು ಸೇರಿಸಿ, ಅದಕ್ಕಾಗಿಯೇ ಒಂದು ಕಂಪ್ಯೂಟರ್ ಇಡಿ.

ಕೊನೆಯ ಪ್ರಶ್ನೆ ಒಬ್ಬ ಕಿರಿಯ ಉಪನ್ಯಾಸಕರದ್ದು: 'ಕೋರ್ಸ್ ಮುಗಿದ ಮೇಲೆ ಹುಡುಗರ ಪ್ರಾಜೆಕ್ಟ್ ಫೈಲುಗಳ ಗತಿ ಏನು?' ಈ ಪ್ರಶ್ನೆ ಏಳನೇ ಸೆಮಿಸ್ಟರಿನಲ್ಲೇ ಬರಬೇಕು. ಮೂರು ಆಯಾಮದ ಮಾದರಿ ಮಾಡುವ ತಂತ್ರಾಂಶಗಳನ್ನೇ ನೋಡಿ: ಸಾಲಿಡ್ ಎಡ್ಜ್‌ನ ವಿದ್ಯಾರ್ಥಿ ಆವೃತ್ತಿಯ ಫೈಲು ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಸಾಲಿಡ್‌ವರ್ಕ್ಸ್‌ನದು ಶೈಕ್ಷಣಿಕ ಎಂಬ ಗುರುತು ಹೊತ್ತುಕೊಂಡಿರುತ್ತದೆ. ಹುಡುಗ ಕೆಲಸಕ್ಕೆ ಸೇರಿ ಹಳೆಯ ಪ್ರಾಜೆಕ್ಟ್ ತೋರಿಸಲು ಹೊರಟ ದಿನ ಅವನ ಲೈಸೆನ್ಸ್ ಮುಗಿದಿರುತ್ತದೆ. ಆದ್ದರಿಂದ ಖಾತೆ ಚಾಲ್ತಿಯಲ್ಲಿರುವಾಗಲೇ, ಆ ಆವೃತ್ತಿ ಅವಕಾಶ ಕೊಡುವಷ್ಟರ ಮಟ್ಟಿಗೆ, ಬೇರೆ ತಂತ್ರಾಂಶಗಳೂ ತೆರೆಯಬಲ್ಲ ರೂಪಗಳಿಗೆ, ಅಂದರೆ ನಕ್ಷೆಗಳನ್ನು ಪಿಡಿಎಫ್ ಮತ್ತು ಡಿಎಕ್ಸ್‌ಎಫ್‌ಗೆ, ಮೂರು ಆಯಾಮದ ಮಾದರಿಗಳನ್ನು ಸ್ಟೆಪ್‌ಗೆ ತೆಗೆದಿಡಲು ಹೇಳಿ. ಕಾಲೇಜಿನ ಡ್ರೈವ್‌ನಲ್ಲಲ್ಲ, ಅವರದೇ ಪೆನ್‌ಡ್ರೈವಿನಲ್ಲಿ. ಕಾಲೇಜಿನ ಇಮೇಲ್ ಮುಚ್ಚಿದರೆ ಡ್ರೈವೂ ಮುಚ್ಚುತ್ತದೆ. ಹಾಗೆ ತೆಗೆದ ಫೈಲನ್ನು ಸಂದರ್ಶನದಲ್ಲಿ ತೋರಿಸಬಹುದು. ಗಿರಾಕಿಗೆ ಮಾರುವುದಾದರೆ ವಾಣಿಜ್ಯ ಲೈಸೆನ್ಸ್ ಇರುವ ಕಂಪ್ಯೂಟರಿನಲ್ಲಿ ಮೊದಲಿನಿಂದ ಬರೆಯಬೇಕು.